ಮುಖ ಹೇಳುವ ಹೊತ್ತು

ಅಪ್ಪನ ಮುಖ ಹೇಳುವ ಕೆಲಸ ನನ್ನ ಪಾಲಿಗೆ ಬಂದದ್ದು ಅಮ್ಮ ತೀರಿಕೊಂಡ ಹನ್ನೆರಡನೆಯ ದಿನ. ಆಗ ನನಗೆ ಹದಿನೇಳು ವರ್ಷ. ನೆಂಟರೆಲ್ಲ ಉಂಡು ಹೊರಟ ಮೇಲೆ ಅಪ್ಪ ಹಿತ್ತಲ ಬಾಗಿಲ ಹೊಸ್ತಿಲಿನ ಮೇಲೆ ಕೂತು, ಅಮ್ಮನ ಬಾಚಣಿಗೆಯನ್ನು ನನ್ನ ಕೈಗಿಟ್ಟು, “ಇನ್ಮೇಲೆ ನೀನೇ ಹೇಳ್ಬೇಕು ಕಣಮ್ಮ ವನಜಾ” ಅಂದ. ನಾನು ಅವನ ತಲೆ ಬಾಚಿ, ಎದುರಿಗೆ ಕೂತು, ಅಮ್ಮ ಹೇಳುತ್ತಿದ್ದುದನ್ನೇ ಹೇಳಿದೆ. ಹಣೆ ಅಗಲ, ಹುಬ್ಬು ದಟ್ಟ, ಮೂಗು ನೆಟ್ಟಗೆ, ಕೆನ್ನೆ ತೊಳೆದಿಟ್ಟ ಹಿತ್ತಾಳೆ ತಟ್ಟೆಯ ಹಾಗೆ. ಅಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡು, ತೃಪ್ತಿಯಿಂದ ಎದ್ದು ಕೆಲಸಕ್ಕೆ ಹೋದ.

ನಮ್ಮ ಊರಿನಲ್ಲಿ ಯಾವುದರಲ್ಲೂ ಮುಖ ಕಾಣುವುದಿಲ್ಲ. ಕೆರೆಗೆ ಇಣುಕಿದರೆ ನೀರು ಕಾಣುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದ ಬಿಂದಿಗೆಯಲ್ಲಿ ಬಿಂದಿಗೆ ಕಾಣುತ್ತದೆ. ಎದುರಿಗೆ ಕೂತವರ ಕಣ್ಣಿನಲ್ಲಿ ಅವರ ಕಣ್ಣು ಮಾತ್ರ. ಇಂಥ ಕಡೆ ನೂರು ವರ್ಷದಿಂದ ಕನ್ನಡಿ ಕಾರ್ಖಾನೆ ನಡೆಯುತ್ತಿದೆ ಎಂದರೆ ಹೊರಗಿನವರಿಗೆ ನಗು ಬರಬಹುದು. ನಮಗೆ ಬರುವುದಿಲ್ಲ. ಅರಮನೆಗಳಿಗೆ, ದೊಡ್ಡ ಹೋಟೆಲುಗಳಿಗೆ, ಹಡಗುಗಳ ನೃತ್ಯದ ಹಜಾರಗಳಿಗೆ ಹೋಗುವ ಆಳೆತ್ತರದ ಕನ್ನಡಿಗಳು ನಮ್ಮಲ್ಲಿ ತಯಾರಾಗುತ್ತವೆ. ಊರಿನೊಳಗೆ ಇರುವಷ್ಟು ಹೊತ್ತು ಅವು ಹೆಪ್ಪುಗಟ್ಟಿದ ಹಾಲಿನ ಹಲಗೆಗಳಂತೆ ಬೆಳ್ಳಗೆ, ಸುಮ್ಮನೆ ಇರುತ್ತವೆ. ಪ್ರತಿ ಬುಧವಾರ ಅವುಗಳಿಗೆ ಕರಿಬಟ್ಟೆ ಹೊದಿಸಿ ಲಾರಿಗೆ ಏರಿಸುತ್ತಾರೆ. ಲಾರಿ ಸೇತುವೆ ದಾಟಿದ ಮೇಲೆ ಅವು ಕನ್ನಡಿಗಳಾಗುತ್ತವೆ. ದಾಟಿದ ಕಡೆ ಒಂದು ತಪಾಸಣೆ ಶೆಡ್ಡು ಇದೆ. ಅಲ್ಲಿ ಹೊರಗಿನವರು ಬಟ್ಟೆ ಸರಿಸಿ ನೋಡಿ ಮೊಹರು ಒತ್ತುತ್ತಾರೆ.

ಆದ್ದರಿಂದ ನಮ್ಮಲ್ಲಿ ಪ್ರತಿಯೊಬ್ಬರಿಗೂ ಮುಖ ಹೇಳುವವರು ಒಬ್ಬರಿರುತ್ತಾರೆ. ಸಾಮಾನ್ಯವಾಗಿ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ. ಅಪ್ಪನಿಗೆ ನಾನು ಹೇಳಿದರೆ ನನಗೆ ಅಪ್ಪ ಹೇಳುತ್ತಾನೆ. ಬೇರೆಯವರ ಮುಖದ ವಿಷಯ ಅವರೆದುರು ಎತ್ತುವುದು ಬಚ್ಚಲಿನ ಬಾಗಿಲು ತಳ್ಳಿದ ಹಾಗೆ. ಫೋಟೋ ತೆಗೆಸಿದರೆ ಅದು ಹೇಳುವವರ ಪೆಟ್ಟಿಗೆ ಸೇರುತ್ತದೆ. ಸೇತುವೆಯಾಚೆ ಹೋದವರು ಅಂಗಡಿ ಗಾಜುಗಳ ಮುಂದೆ ತಲೆ ತಗ್ಗಿಸಿ ನಡೆಯುತ್ತಾರೆ. ತನ್ನ ಮುಖವನ್ನು ತಾನೇ ನೋಡಿಕೊಂಡು ಬಂದವನು ಮನೆಯವರ ಮಾತನ್ನು ಪರೀಕ್ಷೆಗೆ ಹಚ್ಚಿದ ಹಾಗೆ. ಅಂಥವನಿಗೆ ಮತ್ತೆ ಯಾರೂ ಮುಖ ಹೇಳುವುದಿಲ್ಲ. ಇನ್ನೊಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಹೇಳುವವರು ಚೆನ್ನಾಗಿರುವುದನ್ನು ಹೇಳುತ್ತಾರೆ, ಉಳಿದದ್ದನ್ನು ಬಿಡುತ್ತಾರೆ.

ಉಳಿದದ್ದು ಅಂದರೆ ಮಸುಕು. ಕನ್ನಡಿಗೆ ಪಾದರಸ ಬಳಿಯುವ ಕೋಣೆಯನ್ನು ರಸದ ಮನೆ ಅನ್ನುತ್ತಾರೆ. ಅಲ್ಲಿ ಹತ್ತು ವರ್ಷ ಕೆಲಸ ಮಾಡಿದವರ ಕಣ್ಣಿನ ಕೆಳಗೆ ಬೂದಿ ಮೆತ್ತಿದಂಥ ಬಣ್ಣವೊಂದು ಹುಟ್ಟುತ್ತದೆ. ನೋವಿಲ್ಲ, ತುರಿಕೆಯಿಲ್ಲ. ವರ್ಷಕ್ಕಿಷ್ಟು ಎಂದು ಕೆನ್ನೆಯ ಮೇಲೆ ಇಳಿಯುತ್ತ ಬರುತ್ತದೆ. ತುಟಿಗೆ ತಾಗಿದ ಮೇಲೆ ಮನುಷ್ಯ ಹಾಸಿಗೆ ಹಿಡಿಯುತ್ತಾನೆ, ಹೆಚ್ಚೆಂದರೆ ಎರಡು ಮಳೆಗಾಲ. ಅಪ್ಪ ರಸದ ಮನೆಯಲ್ಲಿ ಮೂವತ್ತೊಂದು ವರ್ಷ ಕಳೆದಿದ್ದ. ನಾನು ಮುಖ ಹೇಳಲು ಶುರು ಮಾಡಿದಾಗ ಅವನ ಮಸುಕಿಗೂ ತುಟಿಗೂ ನಡುವೆ ಮೂರು ಬೆರಳಿನ ಜಾಗವಿತ್ತು. ಒಂಬತ್ತು ವರ್ಷದಲ್ಲಿ ಅದು ಒಂದು ಬೆರಳಿಗೆ ಬಂದಿತ್ತು. ಹಿತ್ತಾಳೆ ತಟ್ಟೆಯ ಮಾತನ್ನು ನಾನು ಬದಲಿಸಿರಲಿಲ್ಲ.

ಭಾನುವಾರ ಚೌಡಪ್ಪ ಬರುತ್ತಿದ್ದ. ರಸದ ಮನೆಯಲ್ಲಿ ಅಪ್ಪನ ಪಕ್ಕದ ಮೇಜಿನವನು. ಇಬ್ಬರೂ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು, ಈಗಿನ ಹುಡುಗರಿಗೆ ಗಾಜು ಹಿಡಿಯಲು ಬರುವುದಿಲ್ಲವೆಂದು ಬೈಯುತ್ತಿದ್ದರು. ಅವನು ಹೋದ ಮೇಲೆ ಅಪ್ಪ ದನಿ ತಗ್ಗಿಸಿ, “ನೋಡ್ದ್ಯಾ ಚೌಡನ್ನ? ಬಾಯಿ ಹತ್ರಕ್ಕೆ ಬಂದ್ಬಿಟ್ಟಿದೆ. ಪಾಪ, ಪುಟ್ಟಲಿಂಗಮ್ಮ ಹೇಳಿಲ್ಲ ಅನ್ಸುತ್ತೆ. ಹೇಳ್ಬಾರ್ದು ಬಿಡು. ಸಂಕಟ ಅಂದ್ರೆ, ಅವನು ತಾನು ಚೆನ್ನಾಗಿದೀನಿ ಅನ್ಕೊಂಡವ್ನೆ” ಅನ್ನುತ್ತಿದ್ದ. ಆಮೇಲೆ ತನ್ನ ಕೆನ್ನೆ ಸವರಿಕೊಂಡು, “ನನ್ನ ಮೈ ನಮ್ಮಪ್ಪನ ಕಾಲದ್ದು. ಮೂವತ್ತೊಂದು ವರ್ಷ ರಸದಲ್ಲಿ ಕೈ ಆಡ್ಸಿದೀನಿ, ಒಂದು ಚುಕ್ಕೆ ಬಂತಾ ಹೇಳು” ಎಂದು ನನ್ನತ್ತ ನೋಡುತ್ತಿದ್ದ. ನಾನು ಇಲ್ಲವೆನ್ನುತ್ತಿದ್ದೆ. ಸಂಜೆ ಮೊಸರಿನ ಪಾತ್ರೆ ಹಿಂದಿರುಗಿಸಲು ಹೋದರೆ ಪುಟ್ಟಲಿಂಗಮ್ಮ ನನ್ನನ್ನು ಬಾಗಿಲಲ್ಲೇ ತಡೆದು ಪಿಸುಗುಟ್ಟುತ್ತಿದ್ದಳು: “ನಮ್ಮೆಜಮಾನ್ರು ನಿಮ್ಮಪ್ಪನ್ನ ನೆನೆಸ್ಕೊಂಡು ಊಟಾನೇ ಮಾಡ್ಲಿಲ್ಲ ಕಣವ್ವ. ಇನ್ನೊಂದೇ ಬೆರಳು ಉಳಿದೈತೆ ಅಂತ ಅಳ್ತಾ ಕೂತಿದ್ರು.” ರಸದ ಮನೆಯ ನಲವತ್ತು ಜನವೂ ಹೀಗೆಯೇ ಇದ್ದರು. ಪ್ರತಿಯೊಬ್ಬನೂ ಉಳಿದ ಮೂವತ್ತೊಂಬತ್ತು ಜನಕ್ಕಾಗಿ ಮರುಗುತ್ತಿದ್ದ.

ನಾನು ಕಂಪನಿಯ ಶಾಲೆಯಲ್ಲಿ ಟೀಚರು. ಶಾಲೆಯ ಹಿಂದೆ ಕಾರ್ಖಾನೆ ಬಳಸಿ ಬಿಟ್ಟ ನೀರು ಸೋಸುವ ಏಳು ಮರಳು ಗುಂಡಿಗಳಿವೆ. ಏಳನೆಯದು ಆಟದ ಬಯಲಿಗೆ ತಾಗಿಕೊಂಡಿದೆ. ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಮಕ್ಕಳಲ್ಲಿ ಕಣ್ಣಿನ ಕೆಳಗೆ ಕೊಳೆ ಮಾಡಿಕೊಂಡು ಬಂದವರನ್ನು ನಲ್ಲಿಗೆ ಕಳಿಸಿ ಮುಖ ತೊಳೆಸುವುದು ನನ್ನ ಮೊದಲ ಕೆಲಸ. ನನ್ನ ಅಕ್ಷರ ದುಂಡಗಿದೆ ಎಂದು ಮ್ಯಾನೇಜರ್ ವಾಮನ ರಾಯರಿಗೆ ಯಾರೋ ಹೇಳಿದ್ದರಂತೆ. ಶತಮಾನೋತ್ಸವಕ್ಕೆ ಎರಡು ತಿಂಗಳಿರುವಾಗ ಅವರು ಕರೆಸಿ, ಪುಸ್ತಕವೊಂದನ್ನು ಬರೆದುಕೊಡಬೇಕೆಂದರು. ‘ಹೊಣೆಯ ನೂರು ವರ್ಷ’ ಎಂದು ಹೆಸರು. ಕಂಪನಿ ಕಾಡಿಗೂ ನೀರಿಗೂ ಜನಕ್ಕೂ ಏನೇನು ಮಾಡಿತು ಎಂಬ ಚರಿತ್ರೆ. ರಾಯರು ಸೇತುವೆಯಾಚೆಯವರು. ದಿನಾ ಬೆಳಿಗ್ಗೆ ಬರುತ್ತಾರೆ, ಸಂಜೆ ಹೋಗುತ್ತಾರೆ. ತಾವೇ ನೋಡಿಕೊಂಡು ಕತ್ತರಿಸಿದ ಮೀಸೆ, ಎರಡು ಕಡೆಯೂ ಒಂದೇ ಅಳತೆ. ಒಳ್ಳೆಯವರು. “ವನಜಾ ಅವರೆ, ಒಂದಕ್ಷರ ಉತ್ಪ್ರೇಕ್ಷೆ ಬೇಡ. ಇದ್ದದ್ದು ಇದ್ದ ಹಾಗೆ ಬರೀರಿ. ಇದ್ದದ್ದೇ ಸಾಕಷ್ಟಿದೆ” ಅಂದರು.

ಸಾಕಷ್ಟಿತ್ತು. ಕಾರ್ಖಾನೆಯ ಒಲೆಗೆ ಒಂದು ಮರ ಕಡಿದರೆ ನಾಲ್ಕು ಹೊಂಗೆ ಸಸಿ ನೆಡಬೇಕೆಂದು ಸ್ಥಾಪಕರ ಕಾಲದಲ್ಲೇ ನಿಯಮವಿತ್ತು. ಊರ ಸುತ್ತ ಇರುವ ಹೊಂಗೆ ತೋಪೆಲ್ಲ ಹಾಗೆ ಬಂದದ್ದು. ರಸದ ಮನೆಯವರಿಗೆ ದಿನಕ್ಕೆ ಅರ್ಧ ಸೇರು ಹಾಲು. ವಿಧವೆಯರಿಗೆ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಕರಿಬಟ್ಟೆಗಳನ್ನೆಲ್ಲ ಹೊಲಿಯುವುದು ಅವರೇ. ಆರು ಅಧ್ಯಾಯಗಳನ್ನು ನಾನು ಎರಡು ವಾರದಲ್ಲಿ ಮುಗಿಸಿದೆ. ಏಳನೆಯದು ಆಸ್ಪತ್ರೆ.

ಆಸ್ಪತ್ರೆ ಊರ ಹಿಂದಿನ ಗುಡ್ಡದ ಮೇಲಿದೆ. ಕಟ್ಟಿ ನಲವತ್ತು ವರ್ಷವಾಯಿತು, ಮೂವತ್ತು ಹಾಸಿಗೆ. ಮಸುಕಿಗೆಂದೇ ಕಟ್ಟಿಸಿದ್ದು. ನಾನು ಹೋದಾಗ ಸಿಸ್ಟರ್ ಫಿಲೋಮಿನಾ ಅಂಗಳದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ಪ್ರತಿ ಸೋಮವಾರ ಮೂವತ್ತು ಹಾಸಿಗೆಗಳ ಬಟ್ಟೆಯನ್ನೂ ಒಗೆದು ಹೊಸದಾಗಿ ಹಾಸುತ್ತಾರಂತೆ.

“ಇಷ್ಟು ವರ್ಷದಲ್ಲಿ ಒಬ್ರೂ ಬಂದಿಲ್ವಾ ಸಿಸ್ಟರ್?”

“ಬಂದಿತ್ತಮ್ಮ, ಒಂದು ಹಸು. ಎಂಟನೇ ನಂಬರ್ ಹಾಸಿಗೆ ಮೇಲಿದ್ದ ದಿಂಬು ತಿಂದ್ಕೊಂಡು ಹೋಯ್ತು.”

ನಗು ಮುಗಿದ ಮೇಲೆ ನಾನು ಮಸುಕಿಗೆ ನಿಜವಾಗಿ ಔಷಧ ಇದೆಯೇ ಎಂದು ಕೇಳಿದೆ. ಸಿಸ್ಟರ್ ಬೀರು ತೆಗೆದು ಕಂದು ಬಾಟಲಿಗಳ ಸಾಲು ತೋರಿಸಿದರು. ಪ್ರತಿ ವರ್ಷ ಹಳೆಯದನ್ನು ಹೂತು ಹೊಸದು ತರಿಸುತ್ತಾರೆ. “ತುಟಿಗೆ ತಾಗೋಕೆ ಮುಂಚೆ ಬಂದ್ರೆ ನಿಲ್ಲಿಸ್ಬಹುದು. ತಾಗಿದ್ಮೇಲೆ ನಾನು ಪ್ರಾರ್ಥನೆ ಮಾಡ್ಬಹುದು ಅಷ್ಟೆ. ಆದ್ರೆ ದೂರಿನ ಕಾಗದ ಇಲ್ದೆ ಸೇರಿಸ್ಕೊಳ್ಳೋ ಹಾಗಿಲ್ಲ. ಔಷಧ ಗೇಟು ದಾಟೋ ಹಾಗೂ ಇಲ್ಲ.” ನಾನು ಬರೆದುಕೊಂಡೆ: ಮೂವತ್ತು ಹಾಸಿಗೆಗಳ ಸುಸಜ್ಜಿತ ಆಸ್ಪತ್ರೆ, ಬಳಸುವ ಸಂದರ್ಭವೇ ಒದಗಿಲ್ಲ.

ಎಂಟನೆಯ ಅಧ್ಯಾಯಕ್ಕೆ ರಾಯರು ದೂರಿನ ಪುಸ್ತಕವನ್ನೇ ಕೊಟ್ಟರು. ಕೆಂಪು ಬಟ್ಟೆಯ ರಟ್ಟು, ತಲೆದಿಂಬಿನಷ್ಟು ದಪ್ಪ. ಮೊದಲ ಪುಟದಲ್ಲಿ ಸ್ಥಾಪಕರ ಕೈಬರಹ. ಕಾರ್ಖಾನೆಯಿಂದ ತನ್ನ ದೇಹಕ್ಕೆ ತೊಂದರೆಯಾಗಿದೆ ಎಂದು ಯಾವ ನೌಕರ ಬರೆದರೂ ಅದೇ ದಿನ ಅವನನ್ನು ಕೆಲಸದಿಂದ ಬಿಡಿಸಿ ಚಿಕಿತ್ಸೆಗೆ ಕಳಿಸತಕ್ಕದ್ದು, ಬದುಕಿರುವವರೆಗೆ ಪೂರ್ತಿ ಸಂಬಳ ಕೊಡತಕ್ಕದ್ದು. ದೂರು ತನ್ನದೇ ದೇಹದ್ದಾಗಿರಬೇಕು, ಕೆಲಸದಲ್ಲಿರುವಾಗಲೇ ಬರೆಯಬೇಕು, ತೊಂದರೆಯನ್ನು ತನ್ನ ಕಣ್ಣಾರೆ ಕಂಡಿರಬೇಕು. ಪರರ ಮಾತು ಕೇಳಿ ಯಾರೂ ವೃಥಾ ಹೆದರಬಾರದೆಂಬುದು ಇದರ ಉದ್ದೇಶ. ಇಷ್ಟರ ಕೆಳಗೆ ಸಹಿ. ಉಳಿದ ಪುಟಗಳೆಲ್ಲ ಖಾಲಿ. ನಾನು ಕೊನೆಯವರೆಗೂ ತಿರುವಿ ಹಾಕಿದೆ; ಒಂದು ಕಡೆ ಒಣಗಿದ ಸೊಳ್ಳೆಯಿತ್ತು.

“ನೋಡಿದಿರಾ?” ರಾಯರು ಪುಸ್ತಕ ಮುಚ್ಚಿ ರಟ್ಟು ಸವರಿದರು. “ನೂರು ವರ್ಷ. ಒಂದು ದೂರಿಲ್ಲ. ಇಂಥದು ಎಲ್ಲಾದರೂ ಉಂಟೇ? ಉತ್ಸವದ ದಿನ ಇದನ್ನ ಗಾಜಿನ ಪೆಟ್ಟಿಗೆಯಲ್ಲಿಡ್ತೀವಿ.”

“ನೀವು ದಿನಾ ರಸದ ಮನೆಯವರ ಮುಖ ನೋಡ್ತೀರಲ್ಲ ಸಾರ್” ಅಂದೆ.

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡ್ತೀನಮ್ಮ. ಬಂದ ಹೊಸದರಲ್ಲಿ ಒಬ್ಬರಿಗೆ ಹೇಳಿಯೂ ಇದ್ದೆ. ಬೇರೆಯವರ ಮುಖದ ಬಗ್ಗೆ ಮಾತಾಡ್ತಾನೆ ಅಂತ ಮೂರು ದಿನ ಇಡೀ ಕಾರ್ಖಾನೆ ಕೆಲಸ ನಿಲ್ಲಿಸ್ತು. ನಿಮ್ಮ ತಂದೆಯೇ ಮುಂದಾಳು. ನಿಮ್ಮ ಸಂಪ್ರದಾಯಕ್ಕೆ ನಾವು ಗೌರವ ಕೊಡಬೇಕಲ್ಲವೇ?”

ಅಪ್ಪನ ನಿವೃತ್ತಿ ಮುಂದಿನ ತಿಂಗಳು ಹದಿನೈದಕ್ಕಿತ್ತು. ಆಮೇಲೆ ಅವನು ನೌಕರನಲ್ಲ, ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಒಂದು ಬೆರಳಿನ ಜಾಗಕ್ಕೆ ಹೆಚ್ಚೆಂದರೆ ನಾಲ್ಕೈದು ವರ್ಷ ಹಿಡಿಯುತ್ತದೆ. ನಾನು ಎಂಟನೆಯ ಅಧ್ಯಾಯದ ತಲೆಬರಹ ಬರೆದು ಒಂದು ವಾರ ಹಾಗೇ ಇಟ್ಟುಕೊಂಡೆ. ಎಂಟನೆಯ ದಿನ ಬೆಳಿಗ್ಗೆ ಅಪ್ಪ ಹೊಸ್ತಿಲಿನ ಮೇಲೆ ಬಂದು ಕೂತ. ತಲೆ ಬಾಚಿದೆ. ಹಣೆ, ಹುಬ್ಬು, ಮೂಗು ಹೇಳಿದೆ. ಕೆನ್ನೆಗೆ ಬಂದು ನಿಲ್ಲಿಸಿದೆ.

“ಹ್ಞೂಂ, ಮುಂದೆ?” ಅಂದ, ಕಣ್ಣು ಮುಚ್ಚಿಕೊಂಡೇ.

“ಕೆನ್ನೆ ಮೇಲೆ ಮಸುಕಿದೆ ಅಪ್ಪ. ಎರಡೂ ಕಡೆ. ತುಟಿಗೆ ಒಂದು ಬೆರಳು ಉಳ್ಕೊಂಡಿದೆ.”

ಅಪ್ಪ ನಕ್ಕ. “ಚೌಡಂದು ಹೇಳ್ತಿದೀಯೇನೇ?” ನಾನು ಅವನ ಕೆನ್ನೆಯ ಮೇಲೆ ಬೆರಳಿಟ್ಟೆ. ಅವನು ಕಣ್ಣು ಬಿಟ್ಟ. “ಎಷ್ಟು ದಿನದಿಂದ?”

“ನಾನು ಹೇಳೋಕೆ ಶುರು ಮಾಡ್ದಾಗ ಮೂರು ಬೆರಳಿತ್ತು.”

“ಹಂಗಾದ್ರೆ ನಿಮ್ಮಮ್ಮನೂ…” ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡು ಹೊರಟುಹೋದ. ನಾಲ್ಕು ದಿನ ಮುಖ ಹೇಳಿಸಿಕೊಳ್ಳಲಿಲ್ಲ, ನನ್ನದನ್ನೂ ಹೇಳಲಿಲ್ಲ. ಕೆದರಿದ ತಲೆಯಲ್ಲೇ ಕೆಲಸಕ್ಕೆ ಹೋಗಿ ಬಂದ. ಬೀದಿಯಲ್ಲಿ ಜನ ಅವನ ತಲೆ ನೋಡಿ ನಮ್ಮ ಮನೆಯಲ್ಲಿ ಏನೋ ನಡೆದಿದೆ ಎಂದು ತಿಳಿದುಕೊಂಡರು. ಪುಟ್ಟಲಿಂಗಮ್ಮ ಮೊಸರು ಕೊಡುವ ನೆವದಲ್ಲಿ ಬಂದು ಹೋದಳು. ನಾನು ಅನ್ನ ಬಡಿಸಿದರೆ ಉಣ್ಣುತ್ತಿದ್ದ, ನೀರು ಕೊಟ್ಟರೆ ಕುಡಿಯುತ್ತಿದ್ದ. ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಐದನೆಯ ದಿನ, ಅಂದರೆ ಮಂಗಳವಾರ, ಕೈ ತೊಳೆಯುತ್ತ ನನ್ನ ಕಡೆ ಬೆನ್ನು ಹಾಕಿಕೊಂಡೇ ಹೇಳಿದ. “ಅವಳು ಹೇಳಿದ್ದು ಸುಳ್ಳೋ ನೀನು ಹೇಳಿದ್ದು ಸುಳ್ಳೋ, ನಾನೇ ನೋಡ್ಬೇಕು. ನಾಳೆ ಲಾರೀಲಿ ಹೋಗ್ತೀನಿ. ನೀನೂ ಬಾ.”

ಹಿರಿಯ ಕೆಲಸಗಾರ ನಿವೃತ್ತಿಗೆ ಮುಂಚೆ ಒಮ್ಮೆ ಲಾರಿಯ ಜೊತೆ ಹೋಗಬಹುದು. ಸಾಮಾನ್ಯವಾಗಿ ಹೋದವರು ಸೇತುವೆಯಾಚೆ ಒಂದು ಕಾಫಿ ಕುಡಿದು ವಾಪಸು ಬರುತ್ತಾರೆ. ಅಪ್ಪ ತಪಾಸಣೆ ಶೆಡ್ಡಿನೊಳಗೆ ಹೋದ. ಹೊರಗಿನ ಇಬ್ಬರು ಬಟ್ಟೆ ಸರಿಸಿದರು. ನಾನು ತಕ್ಷಣ ಮುಖ ತಿರುಗಿಸಿ, ಕನ್ನಡಿಯ ಪಕ್ಕಕ್ಕೆ ಸರಿದು ನಿಂತು, ಅಪ್ಪನನ್ನು ಮಾತ್ರ ನೋಡಿದೆ. ಅವನು ಮೊದಲು ಬಗ್ಗಿ ಕೆಳಗಿನ ಮೂಲೆ ಪರೀಕ್ಷಿಸಿದ. ಅಂಚಿನುದ್ದಕ್ಕೂ ಬೆರಳು ಆಡಿಸಿದ. ಓರೆಯಾಗಿ ನಿಂತು ರಸ ಎಲ್ಲಾದರೂ ತೆಳುವಾಗಿದೆಯೇ ನೋಡಿದ. “ಇದು ನಂದೇ. ಹೋದ ತಿಂಗಳು ಹಾಕಿದ್ದು. ಒಂದು ಕಲೆ ಇಲ್ಲ ನೋಡಿ” ಎಂದು ಆ ಇಬ್ಬರಿಗೆ ಹೇಳಿದ. ಅವರು ತಲೆಯಾಡಿಸಿದರು. ಆಮೇಲೆ ನೆಟ್ಟಗೆ ನಿಂತು ಎದುರಿಗೆ ನೋಡಿದ. ತುಂಬ ಹೊತ್ತು ನೋಡಿದ. ಬೆರಳನ್ನು ಅಡ್ಡ ಇಟ್ಟು ಮಸುಕಿಗೂ ತುಟಿಗೂ ಇರುವ ಜಾಗ ಅಳೆದ. ಸರಿಯಾಗಿ ಒಂದೇ ಬೆರಳು.

“ಥೇಟ್ ಚೌಡನ ಥರಾನೇ ಇದೀನಲ್ಲೇ” ಅಂದ.

ಸ್ವಲ್ಪ ಹೊತ್ತಿನ ಮೇಲೆ, “ಬಾ ಇಲ್ಲಿ. ನೀನೂ ನೋಡ್ಕೋ” ಎಂದು ಕರೆದ.

“ಬೇಡಪ್ಪ. ನನಗೆ ನೀನು ಹೇಳ್ತೀಯಲ್ಲ” ಅಂದೆ. ಅವನಿಗೆ ಅಷ್ಟು ದಿನ ಸುಳ್ಳು ಹೇಳಿದ ಮೇಲೆ ಅವನ ಮಾತನ್ನು ಪರೀಕ್ಷೆಗೆ ಹಚ್ಚುವುದು ನನಗೆ ಸರಿ ಕಾಣಲಿಲ್ಲ. ಅಪ್ಪ ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ಶೆಡ್ಡಿನವರು ಬಟ್ಟೆ ಎಳೆದು ಮೊಹರು ಒತ್ತಿದರು.

ಅದೇ ಮಧ್ಯಾಹ್ನ ರಾಯರ ಕೋಣೆಯಲ್ಲಿ ಅಪ್ಪ ದೂರು ಬರೆದ. ರಾಯರು ನಿಯಮದಂತೆ ಕೇಳಿದರು, “ಹೊನ್ನಯ್ಯನವರೆ, ತೊಂದರೆಯನ್ನ ಕಣ್ಣಾರೆ ಕಂಡಿದ್ದೀರಾ?”

“ಕಂಡೆ.”

“ಎಲ್ಲಿ?”

“ನಿಮ್ಮ ಕಂಪನಿ ಕನ್ನಡೀಲೇ ಸ್ವಾಮಿ. ನಾನೇ ಮಾಡಿದ್ದು. ಅದು ಸುಳ್ಳು ತೋರ್ಸಲ್ಲ.”

ರಾಯರು ಎದ್ದು ಅಪ್ಪನ ಕೈ ಕುಲುಕಿದರು. ಕಂಪನಿ ಮಾತು ತಪ್ಪಲಿಲ್ಲ. ಸಂಜೆ ನಾಲ್ಕಕ್ಕೆ ಜೀಪು ಬಂತು. ಹೊರಡುವಾಗ ರಾಯರು ನನ್ನನ್ನು ಪಕ್ಕಕ್ಕೆ ಕರೆದು, “ಎಂಟನೇ ಅಧ್ಯಾಯ ಸ್ವಲ್ಪ ತಿದ್ದಿಬಿಡಿ. ನೂರು ವರ್ಷದಲ್ಲಿ ಒಂದೇ ದೂರು ಬಂತು, ಅದನ್ನೂ ಅದೇ ದಿನ ಪರಿಹರಿಸಲಾಯಿತು ಅಂತ. ಯೋಚಿಸಿದರೆ ಇದೇ ಇನ್ನೂ ಚೆನ್ನಾಗಿದೆ” ಅಂದರು. ಅವರ ಮುಖದಲ್ಲಿ ಕಪಟವಿರಲಿಲ್ಲ. ನಾನು ತಿದ್ದಿದೆ.

ಅಪ್ಪನಿಗೆ ಒಂದನೆಯ ನಂಬರ್ ಹಾಸಿಗೆ, ಕಿಟಕಿಯ ಪಕ್ಕ. ಸಿಸ್ಟರ್ ಫಿಲೋಮಿನಾ ಮೊದಲ ವಾರ ಅವನ ನಾಡಿಯನ್ನು ಗಂಟೆಗೊಮ್ಮೆ ನೋಡುತ್ತಿದ್ದರು. “ನಲವತ್ತು ವರ್ಷದ ಬಾಕಿ ಎಲ್ಲಾ ನನ್ನ ಕೈ ಮೇಲೇ ತೀರಿಸ್ತಾರೆ ಕಣೆ” ಎಂದು ಅಪ್ಪ ಗೊಣಗಿದ. ಭಾನುವಾರ ಚೌಡಪ್ಪ ಬಂದು ಎಲೆಯಡಿಕೆ ಚೀಲ ಬಿಚ್ಚದೆ ಸ್ಟೂಲಿನ ಮೇಲೆ ಕೂತ. ಉಳಿದ ಇಪ್ಪತ್ತೊಂಬತ್ತು ಹಾಸಿಗೆಗಳನ್ನು ಒಂದೊಂದಾಗಿ ನೋಡಿದ.

“ಹೊನ್ನ, ನನ್ನ ಮುಖ ಹೆಂಗಿದೆಯೋ?”

“ನನ್ನ ಯಾಕಯ್ಯ ಕೇಳ್ತೀಯ? ನಿನ್ನ ಹೆಂಡ್ತೀನ ಕೇಳು.”

“ಕೇಳ್ದೆ. ತುಂಬೆ ಹೂವು ಇದ್ದಂಗಿದೆ ಅಂತಾಳೆ. ಹೇಳ್ಬಿಟ್ಟು ಒಳಕ್ಕೋಗಿ ಅಳ್ತಾಳೆ.”

ಅಪ್ಪ ಕಿಟಕಿಯ ಹೊರಗೆ ನೋಡಿದ. “ಬುಧವಾರ ಲಾರಿ ಹೋಗುತ್ತೆ” ಅಂದ. ಚೌಡಪ್ಪ ಎಲೆಯಡಿಕೆ ಚೀಲ ಎತ್ತಿಕೊಂಡು ಎದ್ದು ಹೋದ.

ಮರುದಿನ ನಾನು ಶಾಲೆಗೆ ಹೋಗುವ ಮುಂಚೆ ಗುಡ್ಡ ಹತ್ತಿದೆ. ಸೋಮವಾರವಾದ್ದರಿಂದ ಅಂಗಳದ ತುಂಬ ಬಟ್ಟೆ ಒಣಗುತ್ತಿತ್ತು. ಅಪ್ಪ ಎದ್ದು ಕೂತಿದ್ದ. ದಿಂಬಿನ ಕೆಳಗಿನಿಂದ ಬಾಚಣಿಗೆ ತೆಗೆದು ನನ್ನ ಮುಂದೆ ಹಿಡಿದ. ನಾನು ಅವನ ತಲೆ ಬಾಚಿ ಹೇಳಿದೆ. ಹಣೆ ಅಗಲ. ಹುಬ್ಬು ನರೆತಿದೆ. ಮೂಗು ನೆಟ್ಟಗಿದೆ. ಮಸುಕು ಎಲ್ಲಿತ್ತೋ ಅಲ್ಲೇ ಇದೆ, ಒಂದು ಬೆರಳು. ಅಪ್ಪ ಹ್ಞೂಂ ಅಂದ. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು, ಜಡೆ ಬಿಚ್ಚಿ ಮತ್ತೆ ಹೆಣೆದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ.

“ಹಣೆ ನಿಮ್ಮಮ್ಮಂದು. ಮೂಗು ನಂದು, ಸ್ವಲ್ಪ ಸೊಟ್ಟ. ಇಷ್ಟು ದಿನ ಅದನ್ನ ಹೇಳಿರ್ಲಿಲ್ಲ. ಎಡಹುಬ್ಬಿನ ಮೇಲೆ ಗಾಯದ ಗೆರೆ, ನೀನು ಚಿಕ್ಕೋಳಿದ್ದಾಗ ಒಳಕಲ್ಲಿನ ಮೇಲೆ ಬಿದ್ದಿದ್ದು.” ಇಲ್ಲಿಗೆ ಬಂದು ನಿಂತ. ಅವನ ಹೆಬ್ಬೆರಳು ನನ್ನ ಕಣ್ಣಿನ ಕೆಳಗೆ ಬಂದು, ಉಜ್ಜಿದರೆ ಹೋದೀತೇನೋ ಎಂಬಂತೆ ಒಮ್ಮೆ ಉಜ್ಜಿ, ಅಲ್ಲೇ ಉಳಿಯಿತು.

“ಹ್ಞೂಂ, ಮುಂದೆ?” ಅಂದೆ.

“ಎರಡು ವರ್ಷ ಆಯ್ತು ಕಣಮ್ಮ. ಎರಡೂ ಕಡೆ. ಉಗುರಿನಷ್ಟಿದೆ.”

ನಾನು ರಸದ ಮನೆಯ ಹೊಸ್ತಿಲನ್ನು ಒಂದು ದಿನವೂ ದಾಟಿದವಳಲ್ಲ. ಶಾಲೆ, ಮನೆ, ಮನೆ, ಶಾಲೆ. ಶಾಲೆಯ ನಲ್ಲಿ ನೀರು ಕುಡಿಯುತ್ತೇನೆ. ಬಿಡುವಿನ ವೇಳೆಯಲ್ಲಿ ಏಳನೆಯ ಗುಂಡಿಯ ಕಟ್ಟೆಯ ಮೇಲೆ ಕೂತು ಕಾಪಿ ಪುಸ್ತಕ ತಿದ್ದುತ್ತೇನೆ, ಮಕ್ಕಳು ಸುತ್ತ ಕುಂಟೆಬಿಲ್ಲೆ ಆಡುತ್ತಿರುತ್ತಾರೆ. ಗುಡ್ಡ ಇಳಿಯುತ್ತ ನಾನು ಮಕ್ಕಳ ಮುಖಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ, ಮೊದಲ ಸಾಲಿನಿಂದ. ಮೊದಲ ಸಾಲಿನಲ್ಲಿ ದಿನಾ ನಲ್ಲಿಗೆ ಕಳಿಸುವವರು ಇಬ್ಬರು. ಎರಡನೆಯದರಲ್ಲಿ ನಾಲ್ವರು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಮಿಸ್ ಎಂದು ಒಬ್ಬಳು ಹೋದ ವಾರ ಅತ್ತಿದ್ದಳು. ಸೋಮಾರಿ ಎಂದು ಗದರಿಸಿ ನಾನು ಮತ್ತೊಮ್ಮೆ ಕಳಿಸಿದ್ದೆ.

ಶಾಲೆ ಮುಟ್ಟಿದಾಗ ಪ್ರಾರ್ಥನೆಗೆ ಸಾಲು ನಿಂತಿತ್ತು. ಆರೇಳು ಮಕ್ಕಳು, ನಾನು ಹೇಳುವ ಮೊದಲೇ, ಅಭ್ಯಾಸದಂತೆ ನಲ್ಲಿಯ ಕಡೆ ಹೊರಟಿದ್ದರು. ಬೇಡ, ಹಾಗೇ ನಿಲ್ಲಿ ಎಂದೆ. ಪುಸ್ತಕದ ಎರಡನೆಯ ಅಧ್ಯಾಯ, ಗುಂಡಿಗಳ ನೀರು ಶುದ್ಧವೆಂದು ನಾನೇ ಬರೆದದ್ದು, ಆಗಲೇ ಅಚ್ಚಿಗೆ ಹೋಗಿದೆ. ದೂರಿನ ಪುಸ್ತಕ ಇನ್ನೂ ಗಾಜಿನ ಪೆಟ್ಟಿಗೆ ಸೇರಿಲ್ಲ. ಮಕ್ಕಳು ನೌಕರರಲ್ಲ, ಅವರ ಪರವಾಗಿ ಬರೆಯಲು ಬರುವುದಿಲ್ಲ. ನಾನು ಕಂಪನಿಯ ನೌಕರಳು, ಆದರೆ ಕನ್ನಡಿ ಎದುರಿಗಿದ್ದ ದಿನ ಮರ್ಯಾದೆಗೆ ಮುಖ ತಿರುಗಿಸಿಕೊಂಡು ನಿಂತಿದ್ದೆ. ಬುಧವಾರಕ್ಕೆ ಒಂದು ದಿನದ ರಜೆ ಬೇಕೆಂದು ಬರೆದು ಹೆಡ್ಮಾಸ್ಟರ ಮೇಜಿನ ಮೇಲಿಟ್ಟೆ. ಕಾರಣ ಎಂಬ ಕಡೆ, ಮುಖ ನೋಡಿಕೊಳ್ಳಲು ಎಂದು ಬರೆದೆ. ಲಾರಿಯಲ್ಲಿ ಹಿಂದುಗಡೆ ಚೌಡಪ್ಪನ ಪಕ್ಕ ಇನ್ನೊಬ್ಬರಿಗೆ ಜಾಗವಿದೆಯಂತೆ.